ಇನ್ನೂರ ಹದಿಮೂರು ಬಿಳಿ, ಒಂದು ನೀಲಿ

ಆ ನವೆಂಬರಿನಲ್ಲಿ ಪಕ್ಕದೂರಿನ ಮತಪೆಟ್ಟಿಗೆಯಿಂದ ಹನ್ನೊಂದು ನೀಲಿ ಚೀಟಿ ಬಂದವು, ಅಲ್ಲಿ ಯಾರ ಕೂದಲೂ ಕೊಂಕಲಿಲ್ಲ. ನಮ್ಮ ಕವಾಕ್ಲಿಯ ಪೆಟ್ಟಿಗೆಯಿಂದ ಬಂದದ್ದು ಒಂದೇ ಒಂದು. ಪಕ್ಕದೂರಿನ ಮುಖ್ತಾರ ಯಾರಿಗೂ ಮಾತು ಕೊಟ್ಟಿರಲಿಲ್ಲ. ನಾನು ಕೊಟ್ಟಿದ್ದೆ. ಹದಿನಾಲ್ಕು ವರ್ಷದಿಂದ ಈ ಊರಿನ ಮುಖ್ತಾರ, ಅಂದರೆ ಊರ ಮುಖಂಡ, ನಾನೇ. ಊರಿನ ಮೊಹರು ನನ್ನ ಜೇಬಿನಲ್ಲಿ, ಊರಿನ ಬೈಗುಳ ನನ್ನ ತಲೆಯ ಮೇಲೆ.

ಸೈನ್ಯ ಅಧಿಕಾರ ಹಿಡಿದು ಎರಡು ವರ್ಷವಾಗಿತ್ತು. ಜನರಲ್‌ಗಳು ಹೊಸ ಸಂವಿಧಾನ ಬರೆಸಿದ್ದರು, ಅದಕ್ಕೆ ದೇಶವೆಲ್ಲ ಒಂದೇ ದಿನ ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಹೌದು ಅಂದರೆ ಬಿಳಿ ಚೀಟಿ, ಇಲ್ಲ ಅಂದರೆ ನೀಲಿ ಚೀಟಿ. ಒಬ್ಬೊಬ್ಬರಿಗೂ ಎರಡೂ ಕೊಡುತ್ತಾರೆ, ಬೇಕಾದ್ದನ್ನು ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಬೇಕು. ಹೋಗದೆ ಮನೆಯಲ್ಲಿ ಕೂತರೆ ಐದು ವರ್ಷ ಓಟಿನ ಹಕ್ಕು ಇಲ್ಲ. ಹೌದು ಅಂತ ಗಂಟಲು ಹರಿಯುವಷ್ಟು ಕೂಗಬಹುದು, ಇಲ್ಲ ಅಂತ ಪಿಸುಗುಟ್ಟಿದರೂ ಠಾಣೆ. ನೀಲಿ ಅನ್ನುವ ಮಾತೇ ಊರಿನಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಚಹದಂಗಡಿಯ ಇದ್ರಿಸ್ ಬಾಗಿಲಿಗೆ ತೂಗುಹಾಕಿದ್ದ ನೀಲಿ ದೃಷ್ಟಿಮಣಿಯನ್ನೇ ಬಿಚ್ಚಿ ಒಳಗಿಟ್ಟ. ಯಾಕಯ್ಯಾ ಅಂದರೆ ತೊಳೆಯಬೇಕು ಅಂದ. ಒಂದು ತಿಂಗಳು ತೊಳೆದ ಮಹಾರಾಯ.

ಈಗ ಮುನೀರೆ ಅಕ್ಕನ ವಿಷಯ. ಗಂಡ ಸತ್ತ ಮೇಲೆ ಶಾಲೆಯ ಕಸ ಗುಡಿಸಿ, ಒಲೆ ಹೊತ್ತಿಸಿ ಮಗನನ್ನು ಓದಿಸಿದವಳು. ಆ ಮಗ ವೆದಾತ್ ಅದೇ ಶಾಲೆಗೆ ಮೇಷ್ಟ್ರಾಗಿ ಬಂದ. ನನ್ನ ಮಗಳಿಗೆ ಅಕ್ಷರ ಕಲಿಸಿದವನು ಅವನೇ. ಏಪ್ರಿಲ್‌ನಲ್ಲಿ ಅವನ ಟ್ರಂಕಿನಲ್ಲಿ ಏನೋ ಪುಸ್ತಕ ಸಿಕ್ಕವು ಅಂತ ಹಿಡಿದುಕೊಂಡು ಹೋದರು. ವಿಚಾರಣೆಯಿಲ್ಲ, ತೀರ್ಪಿಲ್ಲ, ಪಟ್ಟಣದ ಸೇನೆಯ ಜೈಲಿನಲ್ಲಿ ಕೂರಿಸಿದ್ದರು. ಅಕ್ಕ ಹದಿನೈದು ದಿನಕ್ಕೊಮ್ಮೆ ಶನಿವಾರ ಬಸ್ಸು ಹತ್ತಿ ಹೋಗುತ್ತಿದ್ದಳು, ಎರಡು ಸಾಲು ತಂತಿಯ ಆಚೆಯಿಂದ ಐದು ನಿಮಿಷ ಮಗನನ್ನು ನೋಡಿ, ಅವನ ಕೊಳೆ ಬಟ್ಟೆ ತಗೊಂಡು ಬರುತ್ತಿದ್ದಳು.

ಅಕ್ಟೋಬರಿನಲ್ಲಿ ಠಾಣೆಯ ಸಾರ್ಜೆಂಟು ನಮ್ಮ ಮನೆಗೆ ಬಂದು ಮೂರು ಲೋಟ ಚಹಾ ಕುಡಿದ. ಪೆಟ್ಟಿಗೆ ಚೊಕ್ಕಟವಾಗಿರಬೇಕು ಅಂದ. ಇಷ್ಟಕ್ಕೆ ತಲೆಯಾಡಿಸಿ ಕಳಿಸಿದ್ದರೆ ಮುಗಿದಿತ್ತು. ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ.

"ಸಾಹೇಬ್ರೇ, ನಮ್ಮೂರಿಂದ ಒಂದೂ ನೀಲಿ ಬರಲ್ಲ. ನಮ್ಮ ಮೇಷ್ಟ್ರನ್ನ ಬಿಡಿಸಿಕೊಡಿ," ಅಂದೆ.

ಅವನು ಲೋಟ ಕೆಳಗಿಟ್ಟು ನನ್ನನ್ನು ನೋಡಿದ. ಹುಡುಗ ಒಳ್ಳೆ ಊರಿನವನು, ಜನ ನಿಷ್ಠಾವಂತರು ಅಂತ ಠಾಣೆಯಿಂದ ಒಂದು ಕಾಗದ ಹೋದರೆ ತಿಂಗಳೊಳಗೆ ಬಿಡುತ್ತಾರೆ, ಅಂಥವು ಎರಡು ಕಡೆ ಆಗಿವೆ ಅಂದ. ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಾ, "ಒಂದೂ ಅಂದ್ರೆ ಒಂದೂ. ತಿಳೀತಾ ಮುಖ್ತಾರ್?" ಅಂದ.

ನಾನು ನೇರವಾಗಿ ಶಾಲೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಒಲೆಯ ಕೊಳವೆ ಬಿಚ್ಚಿ ಮಸಿ ಬಡಿಯುತ್ತಿದ್ದಳು. ನಿನಗೆ ದೇವರು ಒಳ್ಳೇದು ಮಾಡಲಿ ಅಂತಲಾದರೂ ಅನ್ನುತ್ತಾಳೆ ಅಂದುಕೊಂಡಿದ್ದೆ. ಊರವರು ಒಪ್ಪುತ್ತಾರಾ ಅಂತಷ್ಟೇ ಕೇಳಿದಳು. ಒಪ್ಪಿಸುತ್ತೇನೆ ಅಂದೆ.

ಒಪ್ಪಿಸಿದೆ ಕೂಡ. ಮನೆ ಮನೆಗೆ ಹೋದೆ. ಬೀಟ್‌ರೂಟು ಕೀಳುತ್ತಿದ್ದವರನ್ನು ಹೊಲದಲ್ಲೇ ಹಿಡಿದೆ. ಹೆಚ್ಚಿನವರಿಗೆ ಹೇಳುವುದೇ ಬೇಕಿರಲಿಲ್ಲ, ಅವರ ಹೆದರಿಕೆ ನನ್ನದಕ್ಕಿಂತ ದೊಡ್ಡದು. ತಕರಾರು ತೆಗೆದವನು ಇದ್ರಿಸ್ ಒಬ್ಬನೇ. ಮಣಿ ಒಳಗಿಟ್ಟರೂ ಸಿಟ್ಟು ಒಳಗಿಟ್ಟಿರಲಿಲ್ಲ. ಅವನ ತಮ್ಮನನ್ನೂ ಠಾಣೆಯವರು ಹೊಡೆದು ಕಳಿಸಿದ್ದರು. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ದಿನ ಚಹಾ ತಂದು ನನ್ನ ಮುಂದೆ ಕುಕ್ಕಿ, ಮುನೀರೆ ಅಕ್ಕನ ಮುಖ ನೋಡಿ ಹಾಕ್ತೀನಿ, ನಿನ್ನ ಮುಖ ನೋಡಿ ಅಲ್ಲ ಅಂದ.

ಆದರೂ ನನಗೆ ನಂಬಿಕೆಯಿಲ್ಲ. ಪರದೆಯ ಹಿಂದೆ ಹೋದ ಮನುಷ್ಯ ಏನು ಮಾಡುತ್ತಾನೋ ಯಾರು ಬಲ್ಲರು? ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು, ಅದಕ್ಕಾಗಿ ಸಾರ್ಜೆಂಟು ನನ್ನ ಬೆನ್ನು ತಟ್ಟಿದ. ಬಿಳಿ ಹಾಕಿದವನ ಕೈಯಲ್ಲಿ ನೀಲಿ ಉಳಿಯಬೇಕು ತಾನೇ? ಆ ಉಳಿದದ್ದನ್ನು ಬಾಗಿಲಲ್ಲಿ ತೋರಿಸಿ ಬುಟ್ಟಿಗೆ ಹಾಕಿ ಹೋಗಲಿ. ಬುಟ್ಟಿ ಹಿಡಿದು ಕೂರುವವನು ನಾನು.

ಭಾನುವಾರ ಬೆಳಿಗ್ಗೆಯಿಂದ ಹಾಗೇ ಕೂತೆ. ಪೆಟ್ಟಿಗೆಯ ಅಧಿಕಾರಿ ಪಟ್ಟಣದಿಂದ ಬಂದ ಒಬ್ಬ ಗುಮಾಸ್ತ, ನೆಗಡಿಯಿಂದ ಅವನ ಕಣ್ಣು ಮೂಗು ಒಂದಾಗಿತ್ತು. ಬಾಗಿಲ ಹೊರಗೆ ಬಂದೂಕು ಹಿಡಿದ ಇಬ್ಬರು, ಒಳಗೆ ಒಲೆಯ ಪಕ್ಕ ಮುನೀರೆ ಅಕ್ಕ. ಜನ ಸಾಲಾಗಿ ಬಂದರು, ಪರದೆಯ ಹಿಂದೆ ಹೋದರು, ನನ್ನ ಬುಟ್ಟಿಗೆ ನೀಲಿ ಹಾಕಿ ಹೋದರು. ಅಕ್ಕನೂ ಹಾಕಿದಳು. ಮಧ್ಯಾಹ್ನಕ್ಕೆ ಸಾರ್ಜೆಂಟು ಬಂದು ಬುಟ್ಟಿಯೊಳಗೆ ಕೈಯಾಡಿಸಿ ಖುಷಿಯಾದ. ಓಟು ಮುಗಿಯುವ ಮೊದಲೇ ಮೇಲಿನವರಿಗೆ ಫೋನು ಮಾಡಿ ಕವಾಕ್ಲಿ ಹಾಲಿನ ಹಾಗಿದೆ ಅಂತ ಹೇಳಿಬಿಟ್ಟ.

ಕೊನೆಗೆ ಬಂದವರಲ್ಲಿ ಶಾಬಾನ್ ಅಜ್ಜ ಒಬ್ಬ. ಎಂಬತ್ತು ದಾಟಿದ್ದಾನೆ, ಹಿಂದೆ ಯುದ್ಧಕ್ಕೆ ಹೋಗಿ ಬಂದವನು, ನನ್ನ ಅಪ್ಪನೇ ಅವನೆದುರು ಕಾಲು ಮೇಲೆ ಕಾಲು ಹಾಕಿ ಕೂರುತ್ತಿರಲಿಲ್ಲ. ಆ ಮುದುಕ ಪರದೆಯಿಂದ ಹೊರಗೆ ಬಂದು ನನ್ನ ಮುಂದೆ ನಿಂತು, ಊಟಕ್ಕೆ ಮೊದಲು ಮಕ್ಕಳು ತೊಳೆದ ಕೈ ತೋರಿಸುತ್ತಾರಲ್ಲ ಹಾಗೆ, ಕೈಯಲ್ಲಿ ನೀಲಿ ಚೀಟಿ ಎತ್ತಿ ತೋರಿಸಿದ. "ಸರಿಯಾಗಿದೆಯೇನಪ್ಪಾ?" ಅಂತ ಕೇಳಿದ. ನನಗೆ ನಾಚಿಕೆಯಾಯಿತು. ಹಿಂದೆಂದೂ ಅಷ್ಟು ನಾಚಿಕೆಯಾಗಿರಲಿಲ್ಲ. ಸರಿಯಾಗಿದೆ ಅಜ್ಜ ಅಂದೆ.

ಎಲ್ಲರದೂ ಮುಗಿದ ಮೇಲೆ ನನ್ನ ಸರದಿ. ಪರದೆ ಅಂದರೆ ಒಂದು ಹಳೆ ಕಂಬಳಿ. ಅದರ ಹಿಂದೆ ನಿಂತಾಗ ತಿಂಗಳಿಂದ ಮೊದಲ ಸಲ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ವೆದಾತ್‌ನನ್ನು ಮರೆತೆ ಅಂತ ಸುಳ್ಳು ಹೇಳುವುದಿಲ್ಲ, ಅವನು ನೆನಪಿನಲ್ಲಿದ್ದ. ಅಜ್ಜನ ಕೈಯೂ ನೆನಪಿನಲ್ಲಿತ್ತು. ಅಷ್ಟು ಬಿಳಿಯಲ್ಲಿ ಇದೊಂದು ಯಾರ ಕಣ್ಣಿಗೆ ಬೀಳುತ್ತದೆ ಅಂದುಕೊಂಡೆನೋ, ಏನೂ ಅಂದುಕೊಳ್ಳಲಿಲ್ಲವೋ, ಕೈ ನೀಲಿಯನ್ನು ಲಕೋಟೆಗೆ ಹಾಕಿತು. ಲಕೋಟೆ ತೆಳು, ಬಣ್ಣ ಕಾಣುತ್ತಿತ್ತು. ಅಂಗೈಯಲ್ಲಿ ಮುಚ್ಚಿ ಪೆಟ್ಟಿಗೆಗೆ ಬಿಟ್ಟೆ. ಗುಮಾಸ್ತ ಆಗ ಸೀನುತ್ತಿದ್ದ. ಉಳಿದ ಬಿಳಿ ಚೀಟಿಯನ್ನು, ಬೆಂಕಿ ಹೇಗಿದೆ ನೋಡುವವನ ಹಾಗೆ ಒಲೆಯ ಬಾಗಿಲು ತೆಗೆದು ಒಳಗೆ ತಳ್ಳಿದೆ.

ಎಣಿಕೆಯಲ್ಲಿ ನೀಲಿ ಹೊರಬಿದ್ದಾಗ ಗುಮಾಸ್ತ ಅದನ್ನು ಎರಡು ಸಲ ತಿರುಗಿಸಿ ನೋಡಿದ. ಸಾರ್ಜೆಂಟಿನ ಮುಖ ಕಪ್ಪಿಟ್ಟಿತು. ಒಂದು ಚೀಟಿಗಾಗಿ ಅಲ್ಲ, ಆಗಲೇ ಮಾಡಿಬಿಟ್ಟಿದ್ದ ಆ ಫೋನಿಗಾಗಿ. ಬುಟ್ಟಿಯ ಚೀಟಿ ಎಣಿಸಿದ, ಇನ್ನೂರ ಹದಿಮೂರು. ಒಂದು ಕಡಿಮೆ. ಯಾರು ಹಾಕದೆ ಹೋದರು ಅಂತ ನನ್ನನ್ನು ಕೇಳಿದ. ಗದ್ದಲದಲ್ಲಿ ತಪ್ಪಿರಬೇಕು ಸಾಹೇಬ್ರೇ ಅಂದೆ. ಗೋಡೆಗೆ ಒರಗಿ ನಿಂತಿದ್ದ ಮುನೀರೆ ಅಕ್ಕ ಕಸಪೊರಕೆ ತಗೊಂಡು ನೆಲ ಗುಡಿಸತೊಡಗಿದಳು. ನನಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು.

ಮಂಗಳವಾರ ಊರಿನ ಗಂಡಸರನ್ನೆಲ್ಲ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಹಿಮ ಬೆರೆತ ಮಳೆ ಸುರಿಯುತ್ತಿತ್ತು. ಟೋಪಿ ಹಾಕುವ ಹಾಗಿಲ್ಲ. ನೀಲಿ ಹಾಕಿದವನು ಮುಂದೆ ಬರುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಸಾರ್ಜೆಂಟು ಒಬ್ಬೊಬ್ಬರ ಮುಖಕ್ಕೂ ಮುಖ ಕೊಟ್ಟು ಕೇಳುತ್ತಾ ಬಂದ. ನನ್ನ ಮುಂದೆ ಬಂದವನು ಕೇಳಲೂ ಇಲ್ಲ.

"ನೀನು ಈಚೆ ಬಾ. ಹೆಂಡತಿ ಸಾಕಿದ ಬಾತುಕೋಳಿಗೇ ಹೆದರೋನು ನೀನು," ಅಂದ.

ಸಾಲಿನಲ್ಲಿ ನಡುಗುತ್ತಿದ್ದವರೂ ನಕ್ಕರು. ನಾನೂ ಹಲ್ಲು ಕಿರಿದೆ. ನನ್ನನ್ನು ಸೂರಿನಡಿ ಕೂರಿಸಿ ಪೆನ್ಸಿಲು, ಹಾಳೆ ಕೊಟ್ಟು, ಅನುಮಾನ ಇರುವ ಐದು ಹೆಸರು ಬರೆ ಅಂದ. ಒಂದು ಗಂಟೆ ಹಾಳೆ ನೋಡುತ್ತಾ ಕೂತೆ. ಶಾಬಾನ್ ಅಜ್ಜ ಎರಡು ಸಲ ಬಿದ್ದ, ಪಕ್ಕದವರು ಎತ್ತಿ ನಿಲ್ಲಿಸಿದರು. ಎದ್ದು ಎರಡೇ ಮಾತು ಹೇಳಿದ್ದರೆ ಸಾಕಿತ್ತು. ನಾನು ಏಳಲಿಲ್ಲ. ಬದಲಿಗೆ ಏನು ಮಾಡಿದೆ ಗೊತ್ತೇ? ಇದ್ರಿಸನ ಹೆಸರು ಬರೆದೆ. ನನ್ನ ಕೈಯಾರೆ ಬರೆದೆ.

ಎರಡನೆಯ ಹೆಸರಿಗೆ ಪೆನ್ಸಿಲು ಇಡುವಷ್ಟರಲ್ಲಿ ಮುನೀರೆ ಅಕ್ಕ ಶಾಲೆಯೊಳಗಿಂದ ಬಂದಳು. ಕೈಯ ಮಸಿಯನ್ನು ಲಂಗಕ್ಕೆ ಒರೆಸಿಕೊಂಡು ಅಂಗಳದ ಮಧ್ಯೆ ನಿಂತಳು.

"ಅವರನ್ನ ಬಿಡು ಸಾರ್ಜೆಂಟು. ಹಾಕಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ. ನಿನ್ನ ಮಗನಿಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು, ನಿನಗೆ ತಲೆ ಕೆಟ್ಟಿದೆಯೇ ಅಂತ ಕೇಳಿದ. ಬುಟ್ಟಿಗೆ ಚೀಟಿ ಹಾಕಿದೆಯಲ್ಲ ಅಂದ. ಹಾಕಿದ ಹಾಗೆ ಮಾಡಿದೆ, ಈ ಮುಖ್ತಾರನನ್ನು ಏಮಾರಿಸುವುದು ದೊಡ್ಡ ಕೆಲಸವೇ ಅಂದಳು. ಬೇಕಾದರೆ ಅವನನ್ನೇ ಕೇಳಿ ನೋಡು ಅಂದಳು. ಅವನು ನನ್ನ ಕಡೆ ತಿರುಗಿದ. ಅವಳೂ ನೋಡಿದಳು. ನಾನು ತಲೆ ತಗ್ಗಿಸಿ, ಇರಬಹುದು ಅಂದೆ. ಗಂಡಸರನ್ನು ಬಿಟ್ಟು ಅವಳನ್ನು ಜೀಪಿಗೆ ಹತ್ತಿಸಿದರು. ಇದ್ರಿಸನ ಹೆಸರಿದ್ದ ಹಾಳೆಯನ್ನು ನಾನು ಹರಿದು ಚಿಂದಿ ಮಾಡಿದೆ.

ಎರಡು ದಿನ ಠಾಣೆಯಲ್ಲಿಟ್ಟು ಕಳಿಸಿದರು. ಅರವತ್ತು ದಾಟಿದ ಮುದುಕಿಯನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ವೆದಾತ್‌ನ ಕಾಗದ ಮಾತ್ರ ಹೋಗಲಿಲ್ಲ. ಊರಿನಲ್ಲಿ ಕೆಲವರು, ಮಗನನ್ನು ತಾನೇ ಒಳಗೆ ಕೂರಿಸಿದಳು ಅಂತ ಅವಳನ್ನೇ ಆಡಿಕೊಂಡರು. ಇದ್ರಿಸ್ ಅವಳ ಕಟ್ಟಿಗೆ ಒಡೆದುಕೊಟ್ಟ. ನಾನು ಅವಳ ಬೀದಿಯಲ್ಲಿ ಕಾಲಿಡುವುದನ್ನೇ ಬಿಟ್ಟೆ.

ಮೂರು ವಾರದ ಮೇಲೆ ಅವಳೇ ಶಾಲೆಗೆ ಕರೆಸಿಕೊಂಡಳು. ಒಲೆಯ ಬೂದಿ ತೆಗೆಯುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಅವತ್ತು ಒಲೆ ಚೆನ್ನಾಗೇ ಉರೀತಿತ್ತು ಬೆಕಿರ್. ಅದಕ್ಕೆ ನಿನ್ನ ಬಿಳಿ ಚೀಟಿ ಏನೂ ಬೇಕಿರಲಿಲ್ಲ."

ನಾನು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತೆ. ಅಕ್ಕಾ ಅಂದೆ. ಅವಳು ಬೂದಿ ತೋಡುತ್ತಲೇ ಹೇಳಿದಳು. ಠಾಣೆಯಲ್ಲಿ ಕೂತು ಎರಡು ದಿನವೂ ನಿನ್ನ ಕೈ ಮುರಿದುಹೋಗಲಿ ಅಂತ ನನಗೆ ಶಾಪ ಹಾಕಿದಳಂತೆ. ಹಾಗಾದರೆ ಅಂಗಳದಲ್ಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನಿನ್ನನ್ನು ಹಿಡಿದುಕೊಟ್ಟರೆ ನನ್ನ ಮಗ ಬರುತ್ತಿದ್ದನೇ, ಮುದುಕರು ಅಲ್ಲಿ ಬಿದ್ದು ಸಾಯುತ್ತಿದ್ದರು, ನೀನಾಗಿ ಬಾಯಿ ಬಿಡುವವನಲ್ಲ ಅಂತ ಗೊತ್ತಿತ್ತು ಅಂದಳು. ಬೈದದ್ದಲ್ಲ, ಇದ್ದದ್ದು ಹೇಳಿದಳು.

ಆಮೇಲೆ ಬೂದಿಯ ಬಾನಿ ಪಕ್ಕಕ್ಕಿಟ್ಟು ನನ್ನೆದುರಿಗೆ ಬಂದು ಕೂತಳು.

"ಶನಿವಾರ ಹೋಗಿದ್ದೆ. ಅಮ್ಮಾ, ನಮ್ಮೂರಲ್ಲಿ ಎಷ್ಟು ನೀಲಿ ಅಂತ ಕೇಳ್ದ. ಒಂದು ಅಂದೆ. ಯಾರು ಅಂದ. ನಾನು ಅಂದೆ."

ತಂತಿಗೆ ಹಣೆ ಒತ್ತಿಕೊಂಡು ನಕ್ಕನಂತೆ ವೆದಾತ್. ಏಪ್ರಿಲ್‌ನಿಂದ ಈಚೆಗೆ ಮೊದಲ ಸಲ ನಕ್ಕದ್ದಂತೆ. ಪಕ್ಕದಲ್ಲಿದ್ದ ಹುಡುಗರಿಗೆಲ್ಲ ಇವಳು ನನ್ನಮ್ಮ, ಇವಳು ನನ್ನಮ್ಮ ಅಂತ ತೋರಿಸಿದನಂತೆ.

"ಅಮ್ಮ ಕಸ ಗುಡಿಸ್ತಾಳೆ ಅಂತ ಶಾಲೇಲಿ ನಾಚಿಕೊಳ್ತಿದ್ದ ಮಗ ಅವನು. ನಾನು ಹಾಕಿದ್ದು ಬಿಳಿ, ಬೆಕಿರ್. ಅವನಿಗೋಸ್ಕರ ಹಾಕ್ದೆ. ಆದ್ರೆ ಅವನ ಹತ್ರ ಹಾಗಂತ ಹೇಳಲ್ಲ. ಆ ನೀಲಿ ಇನ್ಮೇಲೆ ನನ್ನದು. ನನ್ನ ಮಗನ್ನ ನೀನು ತಗೊಂಡೆ, ಅದಕ್ಕೆ ಬದಲು ಇದನ್ನ ಕೊಡು."

ಕೊಟ್ಟೆ ಅಕ್ಕಾ ಅಂದೆ.

ವೆದಾತ್ ಮುಂದಿನ ಜೂನ್‌ನಲ್ಲಿ ಹೊರಗೆ ಬಂದ. ಎರಡು ಹಲ್ಲು ಹೋಗಿದ್ದವು, ಕೆಲಸವೂ ಹೋಗಿತ್ತು. ಬಂದ ಮಾರನೆಯ ದಿನ ಇದ್ರಿಸನ ಅಂಗಡಿಯಲ್ಲಿ ಕೂತು ಅಮ್ಮನ ಕಥೆಯನ್ನು ಎಲ್ಲರಿಗೂ ಹೇಳಿದ, ಅವರೆಲ್ಲ ಅಂಗಳದಲ್ಲಿ ನಿಂತು ಕಂಡದ್ದನ್ನೇ. ನಾನು ಮೂಲೆಯಲ್ಲಿದ್ದೆ. ಹೇಳಿ ಮುಗಿಸಿದವನು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಬೆಕಿರಣ್ಣ. ನೀಲಿ ಹಾಕೋದು ಎಲ್ಲರಿಂದಲೂ ಆಗೋ ಕೆಲಸ ಅಲ್ಲ."

"ಹೌದಪ್ಪ," ಅಂದೆ, "ನಿಮ್ಮಮ್ಮ ಗಟ್ಟಿಗಿತ್ತಿ."