ಬೂಟು ಹಾಕಿದವರ ಟಿಕೆಟ್

ಮೌಲ್ಯಮಾಪನ ಕೇಂದ್ರದ ಆ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಮೇಜು, ಇಪ್ಪತ್ತನಾಲ್ಕು ಕುರ್ಚಿ, ಮೂರು ಫ್ಯಾನು. ಮೂರರಲ್ಲಿ ಒಂದು ಸುಮ್ಮನೆ ಸದ್ದು ಮಾಡುತ್ತಿತ್ತು, ಗಾಳಿ ಕೊಡುತ್ತಿರಲಿಲ್ಲ. ಅದರ ಕೆಳಗೇ ಅಕ್ಷರದ ಮೇಷ್ಟ್ರು ಕೂತು, ಊಟದ ಹೊತ್ತಿಗೆಲ್ಲ ಮೂರು ಕಟ್ಟು ಉತ್ತರಪತ್ರಿಕೆ ಮುಗಿಸಿ ಒಪ್ಪಿಸಿ ಬಂದು, ನಾಲ್ಕನೆಯದನ್ನು ಬಿಚ್ಚಿದ್ದರು. ಉಳಿದವರು ಇನ್ನೂ ಎರಡನೆಯ ಕಟ್ಟಿನಲ್ಲಿ ತಿಣುಕಾಡುತ್ತಿದ್ದರು.

ಅಕ್ಷರದ ಮೇಷ್ಟ್ರು ಎಂಬ ಹೆಸರು ಅವರಿಗೆ ಪುಕ್ಕಟೆ ಬಂದದ್ದಲ್ಲ. ಅವರ ಕೈಬರಹ ಅಚ್ಚು ಹಾಕಿದ ಹಾಗಿರುತ್ತಿತ್ತು. ಮೂವತ್ತು ವರ್ಷ ಮಕ್ಕಳ ಬೆರಳು ಹಿಡಿದು ತಿದ್ದಿಸಿದ್ದರು. ಅಕ್ಷರ ನೋಡಿ ಮನುಷ್ಯನನ್ನು ಅಳೆಯಬಲ್ಲೆ ಎಂಬುದು ಅವರ ಹೆಮ್ಮೆ. ಮಗಳಿಗೆ ಬಂದ ಒಂದು ಸಂಬಂಧವನ್ನು ಹುಡುಗನ ಸಹಿ ನೋಡಿಯೇ ಬೇಡವೆಂದಿದ್ದರು. ಆ ಹುಡುಗ ಈಗ ದೊಡ್ಡ ಡಾಕ್ಟರು. “ಡಾಕ್ಟರ ಸಹಿ ಯಾವ ಕಾಲಕ್ಕೆ ಚೆನ್ನಾಗಿತ್ತು ಹೇಳಿ,” ಎಂದು ಹೆಂಡತಿ ಇಂದಿಗೂ ಚುಚ್ಚುವುದುಂಟು.

ಇದು ಅವರ ಕೊನೆಯ ಮೌಲ್ಯಮಾಪನ. ಮುಂದಿನ ತಿಂಗಳು ನಿವೃತ್ತಿ. ಕೇಂದ್ರದಲ್ಲಿ ತಪ್ಪುಗಳ ದಾಖಲೆ ಪುಸ್ತಕ ಎಂದೊಂದಿತ್ತು. ಒಪ್ಪಿಸಿದ ಅಂಕ ಬದಲಾಗಬೇಕಾದರೆ, ಅಂಕ ಕೊಟ್ಟವರೇ ತಮ್ಮ ತಪ್ಪೇನೆಂದು ಅದರಲ್ಲಿ ಬರೆದು ಸಹಿ ಮಾಡಬೇಕು. ಮೂವತ್ತು ವರ್ಷದಲ್ಲಿ ಮೇಷ್ಟ್ರ ಹೆಸರು ಒಮ್ಮೆಯೂ ಆ ಪುಸ್ತಕಕ್ಕೆ ಬಿದ್ದಿರಲಿಲ್ಲ. ಇದನ್ನು ಅವರು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದರು.

“ಸಾರ್, ಈ ಪೇಪರ್ ಒಂದು ನಿಮಿಷ ನೋಡ್ತೀರಾ?”

ಕೇಳಿದ್ದು ಎದುರು ಕುರ್ಚಿಯ ಟೀಚರ್. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಐದಂಕದೊಳಗಿನ ಅಂತರದಲ್ಲಿ ನಪಾಸಾದ ಪತ್ರಿಕೆಗಳನ್ನು ಇನ್ನೊಬ್ಬರು ನೋಡಬೇಕೆಂಬ ನಿಯಮವಿದ್ದುದರಿಂದ, ಮೇಷ್ಟ್ರು ಬೆಳಿಗ್ಗೆ ಒಪ್ಪಿಸಿದ ಒಂದು ಪತ್ರಿಕೆ ಅವರ ಕೈಗೆ ಬಂದಿತ್ತು. ಪಾಸಿಗೆ ಮೂವತ್ತೈದು ಬೇಕು. ಮೇಷ್ಟ್ರು ಕೊಟ್ಟದ್ದು ಮೂವತ್ತೊಂದು.

ಮೇಷ್ಟ್ರು ಕತ್ತು ಚಾಚಿ ನೋಡಿದರು. “ಓ, ಅದಾ! ಕಾಗೆ ಕಾಲು ಗುಬ್ಬಿ ಕಾಲು. ಅದರಲ್ಲೇನಮ್ಮ ನೋಡೋದು?”

“ಎಂಟು ಮಾರ್ಕಿನ ಪ್ರಶ್ನೆಗೆ ಎರಡು ಕೊಟ್ಟಿದೀರಿ ಸಾರ್.”

“ಅದೂ ಜಾಸ್ತಿಯಾಯ್ತು. ಓದೋರಿಗೆ ಕಷ್ಟ ಆಗುತ್ತೆ ಅನ್ನೋ ಕನಿಷ್ಠ ಮರ್ಯಾದೆ ಬೇಡವಾ? ಅಕ್ಷರ ನೋಡಿದ್ರೆ ಮನೆ ಎಂಥದು ಅಂತ ಗೊತ್ತಾಗುತ್ತೆ. ಕೂರಿಸಿ ಬರೆಸೋರು ಇರಲ್ಲ, ಇವಕ್ಕೂ ಬೇಕಾಗಿರಲ್ಲ. ಇಂಥವನ್ನ ದಾಟಿಸಿದ್ರೆ ಶ್ರದ್ಧೆಯಿಂದ ಬರೆದ ಮಕ್ಕಳಿಗೆ ಅನ್ಯಾಯ.”

ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವಂತಿರಲಿಲ್ಲ. ದಿನಕ್ಕೆ ನೂರಾರು ಪುಟ ನೋಡುವ ಕಣ್ಣಿನ ಕಷ್ಟ ನೋಡಿದವರಿಗೇ ಗೊತ್ತು. ಆದರೆ ಟೀಚರ್ ಪತ್ರಿಕೆ ಕೆಳಗಿಡಲಿಲ್ಲ.

“ಕೂರಿಸಿ ಬರೆಸೋರು ಇಲ್ಲದ ಮನೇಲಿ ಹುಟ್ಟಿದ್ದು ಮಗುವಿನ ತಪ್ಪಾ ಸಾರ್? ಹೋಗಲಿ, ಅದು ಬೇರೆ ಮಾತು. ನೀವು ಇದನ್ನ ಓದಿದ್ರಾ?”

ಮೇಷ್ಟ್ರಿಗೆ ಸರ್ರನೆ ಸಿಟ್ಟು ಬಂತು. “ನೀವು ಸ್ಲೇಟು ಹಿಡಿಯೋ ಕಾಲದಿಂದ ಪೇಪರ್ ನೋಡ್ತಿದೀನಿ ತಾಯಿ. ಪಾಯಿಂಟ್ ಇದ್ರೆ ಕಣ್ಣಿಗೆ ಬೀಳುತ್ತೆ. ಉತ್ತರಸೂಚಿಲಿ ಏನಿದೆ? ಅಹಂಕಾರಿ, ಕಲ್ಲುಮನಸ್ಸಿನವನು, ಬಡವರನ್ನ ಕಂಡರಾಗದವನು. ಇದರಲ್ಲಿ ಒಂದಾದ್ರೂ ಬರೆದಿದೆಯಾ?”

ಪ್ರಶ್ನೆ ಪಠ್ಯದ ಒಂದು ಕಥೆಯ ಮೇಲಿತ್ತು. ಅದರಲ್ಲಿ ಒಬ್ಬ ರೈಲ್ವೆ ಟಿಕೆಟ್ ತನಿಖಾಧಿಕಾರಿ. ಕಾಲು ನೋಡಿ ಕಳ್ಳರನ್ನು ಗುರುತಿಸುವುದರಲ್ಲಿ ಅವನು ನಿಸ್ಸೀಮ. ಒಂದು ದಿನ ಹರಕು ಚಪ್ಪಲಿಯ ಮುದುಕಿಯೊಬ್ಬಳನ್ನು ಗಾಡಿಯಿಂದ ಇಳಿಸುತ್ತಾನೆ. ಗಾಡಿ ಹೊರಟ ಮೇಲೆ ಅವಳ ಗಂಟಿನಲ್ಲಿ ಟಿಕೆಟ್ ಸಿಗುತ್ತದೆ. ‘ತನಿಖಾಧಿಕಾರಿಯ ಸ್ವಭಾವವನ್ನು ಪೂರ್ವಗ್ರಹದ ಹಿನ್ನೆಲೆಯಲ್ಲಿ ವಿಶ್ಲೇಷಿಸಿ’ ಎಂಬುದು ಪ್ರಶ್ನೆ.

“ಒಂದೂ ಇಲ್ಲ ಸಾರ್. ನಾನು ಓದ್ತೀನಿ, ಕೇಳಿ,” ಎಂದು ಟೀಚರ್ ಪುಟವನ್ನು ಬೆಳಕಿಗೆ ಹಿಡಿದು, ತಡವರಿಸುತ್ತ ಓದಿದರು.

“‘ಅವನು ಕೆಟ್ಟವನಲ್ಲ. ಒಂದು ದಿನವೂ ಕೆಲಸಕ್ಕೆ ತಡವಾಗಿ ಬಂದಿಲ್ಲ. ಲಂಚ ಮುಟ್ಟಿಲ್ಲ. ಮನೆಯಲ್ಲಿ ಅವನನ್ನು ಎಲ್ಲರೂ ಪ್ರೀತಿಸುತ್ತಾರೆ. ಹರಕು ಚಪ್ಪಲಿಯವರು ಟಿಕೆಟ್ ಇಲ್ಲದೆ ಸಿಕ್ಕಿದ್ದನ್ನು ಅವನು ನೂರು ಸಲ ಕಣ್ಣಾರೆ ನೋಡಿದ್ದಾನೆ, ಆದ್ದರಿಂದ ತನ್ನ ಕಣ್ಣನ್ನು ನಂಬಿದ. ಆದರೆ ಬೂಟು ಹಾಕಿದವರ ಟಿಕೆಟ್ಟನ್ನು ಅವನು ಕೇಳಲೇ ಇಲ್ಲ. ಅವರಲ್ಲಿ ಎಷ್ಟು ಜನ ಕಳ್ಳರಿದ್ದರೋ ಅವನಿಗೆ ಹೇಗೆ ಗೊತ್ತಾಗಬೇಕು? ಪೂರ್ವಗ್ರಹ ಅಂದರೆ ಬರೀ ದ್ವೇಷ ಅಲ್ಲ. ತನ್ನ ತಪ್ಪು ಎಲ್ಲಿ ಕಾಣುತ್ತದೋ ಆ ಕಡೆ ನೋಡದೇ ಇರುವುದು. ಅವನಿಗೆ ಒಳ್ಳೆಯ ಮನಸ್ಸು ಇತ್ತು. ಎಲ್ಲರ ಟಿಕೆಟ್ ಕೇಳುವ ಅಭ್ಯಾಸ ಇರಲಿಲ್ಲ.’”

ಓದಿ ಮುಗಿಸಿದ ಟೀಚರ್ ಪತ್ರಿಕೆಯನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಮೊದಲ ಸಾಲಿನಿಂದ ಓದಿದರು. ಓದಲು ನಾಲ್ಕು ನಿಮಿಷ ಹಿಡಿಯಿತು. ಬೆಳಿಗ್ಗೆ ಈ ಪುಟಕ್ಕೆ ನಾಲ್ಕು ಸೆಕೆಂಡನ್ನೂ ಕೊಟ್ಟಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಪಾಯಿಂಟ್ ಇದ್ದರೆ ಕಣ್ಣಿಗೆ ಬೀಳುತ್ತದೆ ಎಂದದ್ದು ಸುಳ್ಳು; ಅವರು ನೋಡಿಯೇ ಇರಲಿಲ್ಲ. ಒಂದು ವರ್ಷ. ಆ ಮಗುವಿನ ಒಂದು ವರ್ಷವನ್ನು ಕೆಂಪು ಪೆನ್ನಿನ ಒಂದು ಗೀಟಿನಲ್ಲಿ ಮುಗಿಸಿಬಿಟ್ಟಿದ್ದರು. ಅವರಿಗೆ ನಾಚಿಕೆಯಾಯಿತು.

“ನೀವಾಗಿದ್ರೆ ಎಷ್ಟು ಕೊಡ್ತಿದ್ರಿ?”

“ಏಳು. ಸೂಚಿಲಿ ಇಲ್ಲದಿದ್ರೂ ಸರಿಯಾದ ಉತ್ತರಕ್ಕೆ ಅಂಕ ಕೊಡಿ ಅಂತ ಕೊನೇ ಸಾಲಲ್ಲಿ ಇದೆ. ಆದ್ರೆ ಬದಲಾಯಿಸೋಕೆ ನೀವೇ ಸಹಿ ಮಾಡ್ಬೇಕು ಸಾರ್.” ಟೀಚರ್ ದನಿ ತಗ್ಗಿಸಿದರು. “ಆ ಪುಸ್ತಕದಲ್ಲಿ.”

ಮೇಷ್ಟ್ರು ಪತ್ರಿಕೆ ಹಿಡಿದುಕೊಂಡು ಎದ್ದು, ಮುಖ್ಯ ಪರೀಕ್ಷಕರ ಮೇಜಿಗೆ ಹೋದರು.

ಮುಖ್ಯ ಪರೀಕ್ಷಕರು ಒಂದು ಕಾಲದಲ್ಲಿ ಅವರ ಕೈಯಲ್ಲೇ ತಿದ್ದಿಸಿಕೊಂಡ ಶಿಷ್ಯ. ಮೇಷ್ಟ್ರನ್ನು ಕಂಡವರೇ ಎದ್ದು ನಿಂತರು. ವಿಷಯ ಕೇಳಿ ಗಾಬರಿಯಾದರು.

“ಒಂದೇ ಪೇಪರ್ ತಾನೆ ಸಾರ್? ಕೂಡಿಸುವಾಗ ತಪ್ಪಾಯ್ತು ಅಂತ ಬರೆದ್ರೆ ಆಯ್ತು. ಅದು ಎಲ್ಲರಿಗೂ ಆಗುತ್ತೆ. ನಿವೃತ್ತಿ ಹೊತ್ತಲ್ಲಿ ಯಾಕೆ ಸುಮ್ನೆ?”

“ಒಂದಲ್ಲಪ್ಪ. ಬೆಳಿಗ್ಗೆ ಕೊಟ್ಟ ಮೂರು ಕಟ್ಟೂ ವಾಪಸ್ ಬೇಕು.”

“ಮೂರೂ? ನಾಲ್ಕು ಗಂಟೆಗೆ ಸೀಲ್ ಆಗುತ್ತೆ ಸಾರ್. ಬೇಕಾದ್ರೆ ಅಕ್ಷರ ಕೆಟ್ಟದಾಗಿರೋದನ್ನಷ್ಟೇ ಆರಿಸಿ ಕೊಡ್ತೀನಿ, ನೋಡಿಬಿಡಿ.”

“ಬೇಡ. ಅಕ್ಷರ ಚೆನ್ನಾಗಿರೋದನ್ನೂ ಕೊಡು. ಬೂಟು ಹಾಕಿದವರ ಟಿಕೆಟ್ಟನ್ನೂ ನಾನು ನೋಡಿಲ್ಲ.”

ಮುಖ್ಯ ಪರೀಕ್ಷಕರಿಗೆ ತಲೆಬುಡ ಅರ್ಥವಾಗಲಿಲ್ಲ. ಗುರುಗಳ ಮುಖ ನೋಡಿ, ದಾಖಲೆ ಪುಸ್ತಕವನ್ನು ಅವರತ್ತ ತಿರುಗಿಸಿ ಇಟ್ಟರು.

ಮೇಷ್ಟ್ರು ಪೆನ್ನು ತೆಗೆದರು. ‘ತಪ್ಪಿನ ವಿವರ’ ಎಂಬ ಅಂಕಣದಲ್ಲಿ ಅವರಿಗಿಂತ ಮೊದಲಿನವರೆಲ್ಲ ಗಡಿಬಿಡಿಯಲ್ಲಿ ಗೀಚಿ ಹೋಗಿದ್ದರು. ಮೇಷ್ಟ್ರು ಅವಸರ ಮಾಡಲಿಲ್ಲ. ಒಂದೊಂದೇ ಅಕ್ಷರವನ್ನು ಗುಂಡಗೆ, ಕೊಂಬು ದೀರ್ಘಗಳನ್ನು ಎಲ್ಲಿರಬೇಕೋ ಅಲ್ಲಿಟ್ಟು, ಒಂದು ಸಾಲು ಬರೆದು ಸಹಿ ಹಾಕಿದರು.

ಶಿಷ್ಯನಿಗೆ ಎದುರಿನಿಂದಲೇ ಆ ಸಾಲು ಕಂಡಿತು. ಎಂದಿನ ಅಭಿಮಾನದಿಂದ ಮುಖ ಅರಳಿತು. “ಏನು ಅಕ್ಷರ ಸಾರ್ ನಿಮ್ಮದು! ಇವತ್ತಿಗೂ ಮುತ್ತು ಪೋಣಿಸಿದ ಹಾಗಿದೆ.”

“ಅಕ್ಷರ ಬಿಡಪ್ಪ,” ಎಂದರು ಮೇಷ್ಟ್ರು. “ಏನು ಬರೆದಿದೀನಿ, ಅದನ್ನ ಓದು.”

ಮುಖ್ಯ ಪರೀಕ್ಷಕರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು. ‘ಓದದೆ ಅಂಕ ಕೊಟ್ಟಿದ್ದೇನೆ’ ಎಂದಿತ್ತು. ಅವರು ಕಪಾಟಿನ ಬೀಗ ತೆಗೆದು ಮೂರು ಕಟ್ಟುಗಳನ್ನೂ ಮೇಷ್ಟ್ರ ಕೈಗೆ ಕೊಟ್ಟರು.