ಊರು ಅಂದರೆ ಊರಿದೆ

ನನ್ನ ಗಂಡ ದೇವೇಂದ್ರ ಅವರಿಗೆ ಯಾವುದೇ ಯಂತ್ರ ಸುಮ್ಮನಾದರೆ ಅದು ಸತ್ತಿತೆಂದೇ ಲೆಕ್ಕ. ಮಿಕ್ಸಿ ನಿಂತರೆ ಹೊಸ ಮಿಕ್ಸಿ, ಪಂಪು ನಿಂತರೆ ಹೊಸ ಪಂಪು. ಇವರು ಅಂಗಿ ತೊಟ್ಟು ಪೇಟೆಗೆ ಹೊರಡುವಷ್ಟರಲ್ಲಿ ನಾನು ಸ್ಕ್ರೂ ಬಿಚ್ಚಿ, ಒಳಗಿನ ಇರುವೆಗಳನ್ನು ಕೊಡವಿ, ಅದನ್ನು ಮತ್ತೆ ಓಡಿಸಿರುತ್ತೇನೆ. ಇಂಥವರು, ನನಗೆ ಜ್ವರವೆಂದು ಮೂರು ವಾರ ಶೆಡ್ಡಿನಲ್ಲೇ ನಿಂತಿದ್ದ ನನ್ನ ಕಾರು ಆ ದಿನ ಬೆಳಿಗ್ಗೆ ಕೀ ಒತ್ತಿದರೂ ಮಿಸುಕದಿದ್ದಾಗ ಬೇರೇನು ಹೇಳಿಯಾರು?

"ಬ್ಯಾಟರಿ ಹೋಯ್ತು," ಅಂದರು. "ಹೈಬ್ರಿಡ್ ವಂಡಿಗೆ ಬ್ಯಾಟರಿ ಅಂದ್ರೆ ಅರ್ಧ ಕಾರು. ಪಿನ್ನೆ ಇಟ್ಕೊಂಡು ಏನು ಮಾಡೋದು? ಭಾಸ್ಕರನ್‌ಗೆ ಹೇಳ್ತೀನಿ."

ಇವರ ಕನ್ನಡದಲ್ಲಿ ಮಲಯಾಳ ಬೆರೆತೇ ಇರುತ್ತದೆ, ಗಾಡಿಗೆ ವಂಡಿ ಅನ್ನುತ್ತಾರೆ, ಮತ್ತೆ ಅನ್ನಲು ಪಿನ್ನೆ. ಭಾಸ್ಕರನ್ ಪುಲ್ಪಳ್ಳಿಯಲ್ಲಿ ಹಳೆ ಕಾರುಗಳನ್ನು ಕೊಡಿಸುವ, ಮಾರಿಸುವ ಮನುಷ್ಯ. ನಾನು ಅಕ್ಕಿ ತೊಳೆದು ಒಲೆಯ ಮೇಲಿಡುವಷ್ಟರಲ್ಲಿ ಫೋನು ಮಾಡಿ ಆಗಿತ್ತು. ಸಂಜೆ ನಾಲ್ಕರ ಹೊತ್ತಿಗೆ ಬಂದು ನೋಡುತ್ತಾನಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಮೆಣಸು ಬಿಡಿಸುವಾಗ ಏಣಿಯಿಂದ ಬಿದ್ದ ವರ್ಷದಿಂದ ನನ್ನ ಎಡಗಾಲು ಕ್ಲಚ್ ತುಳಿಯಲಾರದು, ಬಸ್ಸಿನ ಮೆಟ್ಟಿಲು ಹತ್ತಲಾರದು. ಈ ಕಾರಿಗೆ ಕ್ಲಚ್ಚೇ ಇಲ್ಲ, ಬಲಗಾಲೊಂದಿದ್ದರೆ ಸಾಕು. ಪ್ರತಿ ಗುರುವಾರ ನಾನೊಬ್ಬಳೇ ಮುಳ್ಳನ್ಕೊಲ್ಲಿಯಿಂದ ವೆಳ್ಳಮುಂಡಕ್ಕೆ, ನನ್ನ ಅಕ್ಕ ಜಿನಶ್ರೀಯ ಮನೆಗೆ ಹೋಗಿ ಬರುತ್ತಿದ್ದೆ. ನಾವಿಬ್ಬರೂ ಗಡಿಯಾಚೆಯ ಕನ್ನಡ ಸೀಮೆಯ, ಕೋಟೆ ಕಡೆಯ ಒಂದೇ ಮನೆಯಿಂದ ವಯನಾಡಿಗೆ ಸೊಸೆಯಂದಿರಾಗಿ ಬಂದವರು. ಅಕ್ಕನಿಗೆ ಈಗ ಕಿವಿ ಒಂದಿಷ್ಟೂ ಕೇಳುವುದಿಲ್ಲ. ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಮೆಸೇಜು ಕಳಿಸಿದರೆ ಕೈಮುಗಿದ ಬೊಂಬೆಯೊಂದನ್ನು ತಿರುಗಿ ಕಳಿಸಿ ಮುಗಿಸುತ್ತಾಳೆ. ಎದುರು ಕೂತು, ನನ್ನ ತುಟಿ ನೋಡುತ್ತಿದ್ದರೆ ಮಾತ್ರ ಅವಳಿಗೆ ನನ್ನ ಮಾತೆಲ್ಲ ತಿಳಿಯುತ್ತದೆ, ಹೇಳದೆ ಬಿಟ್ಟದ್ದೂ ತಿಳಿಯುತ್ತದೆ.

ಗಂಡನ ಜೀಪಿದೆಯಲ್ಲ ಎನ್ನುತ್ತೀರಿ. ಅದರಲ್ಲೂ ಹೋಗಿ ನೋಡಿದ್ದೇನೆ. ಇವರು ಅಕ್ಕನ ಮನೆಯ ಜಗಲಿಯಲ್ಲಿ ಕೂತು ಆಗಾಗ ಕೆಮ್ಮುತ್ತಾರೆ. ಆ ಕೆಮ್ಮಿಗೆ ‘ಏಳು, ಹೊರಡೋಣ’ ಎಂದರ್ಥ. ಅಂಥ ಕೆಮ್ಮಿನ ನಡುವೆ ಅಕ್ಕತಂಗಿಯರು ಏನು ಮಾತಾಡುವುದು? ಕಾರು ಹೋದರೆ ನನಗೆ ಅಕ್ಕನೂ ಹೋದಳೆಂದೇ ಅರ್ಥ. ನಾನು ಒಲೆ ಸಣ್ಣಗೆ ಮಾಡಿ ವಿಪಿನ್‌ಗೆ ಫೋನು ಹಚ್ಚಿದೆ.

ವಿಪಿನ್ ನಮ್ಮ ಪಕ್ಕದ ತೋಟದ ಜಾನಕಿಯ ಮಗ, ಕಲ್ಪೆಟ್ಟದಲ್ಲಿ ಕಾರು ರಿಪೇರಿಯ ಕೆಲಸದಲ್ಲಿದ್ದಾನೆ. ಒಳಗೆ ದೀಪವಾದರೂ ಬರುತ್ತದೆಯೇ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಮೊದಲು ಸಣ್ಣ ಬ್ಯಾಟರಿಯನ್ನೇ ನೋಡಬೇಕು ಚೇಚಿ ಎಂದ. ಅಕ್ಕ ಎಂಬರ್ಥದಲ್ಲಿ ನನ್ನನ್ನು ಅವನು ಚೇಚಿ ಎನ್ನುವುದು. ಕಾರನ್ನು ಓಡಿಸುವುದು ದೊಡ್ಡ ಬ್ಯಾಟರಿ, ಆದರೆ ಅದನ್ನು ಎಬ್ಬಿಸಲು ಹಿಂದುಗಡೆ ಡಿಕ್ಕಿಯಲ್ಲಿ ಇನ್ನೊಂದು ಸಣ್ಣದು ಇರುತ್ತದಂತೆ. ನಿಲ್ಲಿಸಿಯೇ ಇಟ್ಟರೆ ಅದು ಇಳಿದುಹೋಗುತ್ತದಂತೆ, ನಮ್ಮದಕ್ಕೆ ವಯಸ್ಸೂ ಆಗಿರಬೇಕಂತೆ. ತನಗೆ ಇವತ್ತು ಬರಲಾಗದು, ಫೋನಿನಲ್ಲಿ ಹೇಳಿಕೊಡುತ್ತೇನೆ ಎಂದ. ಯಾವ ಬ್ಯಾಟರಿ ಬೇಕೆಂದು ಪುಲ್ಪಳ್ಳಿಯ ಅಂಗಡಿಗೆ ತಾನೇ ತಿಳಿಸಿದ. ಊಟದ ಹೊತ್ತಿಗೆ ನಮ್ಮೂರಿನ ಜಯನ್ ತನ್ನ ಆಟೋದಲ್ಲಿ ಅದನ್ನು ತಂದು ಜಗಲಿಯ ಮೇಲಿಟ್ಟು ಹೋದ.

"ಫೋನಲ್ಲೇ ರೋಗ ಕಂಡುಹಿಡಿಯೋ ಡಾಕ್ಟರ್ ಇವನು," ಎಂದು ಇವರು ಕೊಂಕಾಡಿದರು. "ಶೆರಿ, ನೋಡು. ಭಾಸ್ಕರನ್ ಬರೋದ್ರೊಳಗೆ ವಂಡಿ ಎದ್ರೆ ನಿನ್ನದು. ಇಲ್ಲಾಂದ್ರೆ ಕೊಟ್ಟುಬಿಡೋದೇ."

"ಎದ್ದೇ ಏಳತ್ತೆ," ಅಂದೆ.

ಕಾರಿನ ರಿಮೋಟ್ ಕೀಯೊಳಗೆ ಅಡಗಿದ್ದ ಕಬ್ಬಿಣದ ಕೀಯಿಂದ ಮುಂದಿನ ಬಾಗಿಲೇನೋ ತೆರೆಯಿತು. ಡಿಕ್ಕಿ ಮಾತ್ರ ಕರೆಂಟಿದ್ದರೇ ತೆರೆಯುವಂಥದ್ದು. ಹಿಂದಿನ ಸೀಟು ಮಡಚಿ, ಒಳಗಿನಿಂದ ತೆವಳಿ ಹೋಗಿ, ಅಲ್ಲಿರುವ ಕೊಂಡಿಯನ್ನು ಎಳೆಯಬೇಕಿತ್ತು. ನನ್ನ ಕಾಲಿಗೆ ಅದು ಆಗದ ಕೆಲಸ. ಬೇರೆ ದಾರಿಯಿಲ್ಲದೆ ಇವರೇ ನುಗ್ಗಿದರು. ಹೊಟ್ಟೆ ಸೀಟಿಗೆ ಸಿಕ್ಕಿ, ಎರಡು ಕಾಲೂ ಬಾಗಿಲಿನ ಹೊರಗೆ ಒದ್ದಾಡುತ್ತಿದ್ದವು. ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡೆ. ಕೊನೆಗೂ ಟಕ್ಕೆಂದು ಡಿಕ್ಕಿ ತೆರೆಯಿತು.

ಮೂಲೆಯ ಮುಚ್ಚಳ ತೆಗೆದರೆ, ಒಳಗೆ ಬೂದು ಬಣ್ಣದ ಒಂದು ಪುಟ್ಟ ಪೆಟ್ಟಿಗೆ. ಇಷ್ಟಕ್ಕೇ ಇಷ್ಟೆಲ್ಲ ರಂಪ. ನಾನು ಸ್ಪ್ಯಾನರ್ ಹಿಡಿದು ಬಗ್ಗಿದೆ. ನಮ್ಮ ಶೆಡ್ಡಿನಲ್ಲಿ ಫೋನಿಗೆ ರೇಂಜ್ ಸಿಗುವುದಿಲ್ಲ. ಹಾಗಾಗಿ ಇವರು ಹಲಸಿನ ಮರದ ಹತ್ತಿರ ನಿಂತು ವಿಪಿನ್ ಹೇಳಿದ್ದನ್ನು ಕೇಳಿ ನನಗೆ ಕೂಗಿ ಹೇಳುವುದೆಂದಾಯಿತು.

"ವಿಮಲಾ, ಮೊದಲು ನೆಗೆಟಿವ್ ಊರು! ಕರಿ ವೈರು! ಅದನ್ನೇ ಮೊದಲು ಊರ್ಬೇಕಂತೆ!"

ಮಲಯಾಳದಲ್ಲಿ ಊರುವುದೆಂದರೆ ಕಳಚುವುದು. ಚಪ್ಪಲಿ ಊರುತ್ತಾರೆ, ಬಳೆ ಊರುತ್ತಾರೆ. ನಮ್ಮ ಕನ್ನಡದಲ್ಲಿ ಕಂಬ ಊರುತ್ತೇವೆ, ಕಾಲು ಊರುತ್ತೇವೆ, ಅಲುಗಾಡದ ಹಾಗೆ ನಿಲ್ಲಿಸುತ್ತೇವೆ. ಇಷ್ಟು ವರ್ಷ ಇಲ್ಲಿ ಬಾಳಿದ ನನಗೆ ಎರಡೂ ಗೊತ್ತು. ವಿಪಿನ್ ಹೇಳಿದ್ದರೆ ಸರಿಯಾಗಿಯೇ ತಿಳಿಯುತ್ತಿತ್ತು. ಆದರೆ ಕೂಗಿದವರು ನನ್ನ ಗಂಡ. ಗಂಡನ ಬಾಯಿಂದ ಬಂದದ್ದನ್ನು ನನ್ನ ಕಿವಿ ಕನ್ನಡವೆಂದೇ ಕೇಳಿಸಿಕೊಳ್ಳುತ್ತದೆ. ಸಡಿಲವಾದ ವೈರೇ ಎಲ್ಲಕ್ಕೂ ಕಾರಣವಿರಬೇಕು, ಮೊದಲು ಅದನ್ನು ಬಿಗಿಮಾಡಿ ನೋಡಲು ವಿಪಿನ್ ಹೇಳುತ್ತಿದ್ದಾನೆ ಅಂದುಕೊಂಡೆ. ಕರಿ ವೈರಿನ ಕ್ಲಿಪ್ಪನ್ನು ಒತ್ತಿ ಹಿಡಿದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ನಟ್ಟು ತಿರುಗಿಸಿದೆ. ಇನ್ನು ತಿರುಗಲಾರದು ಎಂಬಲ್ಲಿಂದಲೂ ಒಂದು ಸುತ್ತು ತಿರುಗಿಸಿದೆ.

"ಆಯ್ತಾ?" ಎಂದರು.

"ಆಯ್ತು! ಚೆನ್ನಾಗಿ ಊರಿದೆ!"

"ಹಾಗಾದ್ರೆ ಪಾಸಿಟಿವ್ ಊರು! ಆಮೇಲೆ ಬ್ಯಾಟರಿ ಎತ್ತಿ ಹೊರಗಿಡು!"

ಆಗಲೇ ನನಗೆ ತಪ್ಪು ಹೊಳೆದದ್ದು. ಸ್ಪ್ಯಾನರನ್ನು ಈಗ ಹಿಂದಕ್ಕೆ ತಿರುಗಿಸಿದರೆ ನಟ್ಟು ಕದಲಲೇ ಇಲ್ಲ. ಮೂಲೆ ಸವೆದು ಸ್ಪ್ಯಾನರ್ ಜಾರತೊಡಗಿತು. ಇವರು ಫೋನು ಜೇಬಿಗಿಟ್ಟು ಬಂದು ನೋಡಿದರು.

"ಏನು ಮಾಡಿದ್ದೀಯ ಇದು?"

"ಊರು ಅಂದ್ರಿ, ಊರಿದೆ."

"ಊರು ಅಂದ್ರೆ ತೆಗಿ!"

"ತೆಗಿ ಅನ್ನೋಕೆ ನಿಮ್ಮ ಬಾಯಲ್ಲಿ ಕನ್ನಡ ಇರಲಿಲ್ವಾ?" ನನ್ನ ದನಿ ಏರಿತು. "ನಿಮಗೆ ಈ ಕಾರು ಹೋದ್ರೆ ಸಾಕು. ಬೇಕಂತಲೇ ಹಾಗೆ ಹೇಳಿದ್ರಿ."

ಇಲ್ಲ ಎನ್ನುತ್ತಾರೆ, ರೇಗುತ್ತಾರೆ ಅಂದುಕೊಂಡಿದ್ದೆ. ಇವರು ಡಿಕ್ಕಿಯ ಅಂಚಿನ ಮೇಲೆ ಕೂತುಬಿಟ್ಟರು.

"ಬೇಕಂತ ಹೇಳಿದ್ದಲ್ಲ. ಆದ್ರೆ ಹೋದ್ರೆ ಸಾಕು ಅನ್ನೋದು ಸತ್ಯ," ಅಂದರು. "ಗುರುವಾರ ಬಂತಂದ್ರೆ ನಂಗೆ ಸಂಜೆ ಊಟ ಇಲ್ಲ."

ನಾವು ಜೈನರು, ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಗುರುವಾರ ನಾನು ಅಕ್ಕನ ಮನೆಯಲ್ಲೇ ಉಂಡು ಹೊರಡುತ್ತೇನೆ. ಇವರಿಗೆ ಅನ್ನ ಸಾರು ಮಾಡಿ ಮುಚ್ಚಿಟ್ಟೇ ಹೋಗುತ್ತೇನೆ.

"ಮಾಡಿಟ್ಟಿರ್ತೀನಲ್ಲ?" ಎಂದೆ.

"ಇಟ್ಟಿರ್ತೀಯ. ನೀನು ಆ ಆನೆ ದಾರೀಲಿ ಒಬ್ಬಳೇ ಬರ್ತಾ ಇರುವಾಗ ನಂಗೆ ಇಲ್ಲಿ ಅನ್ನ ಇಳಿಯುತ್ತಾ? ವಂಡಿ ಶಬ್ದ ಕೇಳಿದ ಮೇಲೆ ಉಣ್ಣೋಣ ಅಂತ ತಟ್ಟೆ ಮುಂದೆ ಕೂತಿರ್ತೀನಿ. ಆ ಹಾಳು ವಂಡಿಗೆ ಶಬ್ದಾನೇ ಇಲ್ಲ. ನೀನು ಒಳಗೆ ಕಾಲಿಡುವಾಗ ಹೊತ್ತು ಮುಳುಗಿರತ್ತೆ."

"ಕೇಳಿದ್ರೆ ಉಂಡೆ ಅಂತಿದ್ರಿ!"

"ಪಿನ್ನೆ ಏನು ಹೇಳ್ಬೇಕಿತ್ತು? ಅನ್ನ ನಾಯಿಗೆ ಹಾಕ್ತಿದ್ದೆ."

ನಮ್ಮ ನಾಯಿ ಯಾಕಿಷ್ಟು ಕೊಬ್ಬಿದೆ ಎಂದು ನಾನು ಎಷ್ಟೋ ಸಲ ಬೈದದ್ದುಂಟು. ಈಗ ನಗು ಬರಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

"ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಅಕ್ಕನ ಮನೆಗೆ ಹೋಗೋದು ಬಿಡ್ತಿದ್ದೆ. ಬಿಡಿಸಿದವನು ನಾನಾಗ್ತಿದ್ದೆ. ವಂಡಿ ತಾನಾಗಿ ಸತ್ರೆ ಯಾರದ್ದೂ ತಪ್ಪಲ್ಲ ಅಂತ..."

ನಾಲ್ಕು ಗಂಟೆ ಹತ್ತಿರವಾಗುತ್ತಿತ್ತು. ಇವರು ಸುಮ್ಮನೆ ಕೂತಿದ್ದರೂ ಸಾಕಿತ್ತು, ಅಂದುಕೊಂಡದ್ದು ತಾನಾಗಿ ನಡೆಯುತ್ತಿತ್ತು. ಆದರೆ ಎದ್ದು ಪಂಪುಶೆಡ್ಡಿಗೆ ಹೋಗಿ ದೊಡ್ಡ ಪ್ಲಯರ್ ತಂದರು. ನಟ್ಟಿನ ಮೇಲೆ ಸ್ವಲ್ಪ ಎಣ್ಣೆ ಬಿಟ್ಟು, ಪ್ಲಯರಿನಿಂದ ಕಚ್ಚಿ ಹಿಡಿದು, ಹಲ್ಲು ಬಿಗಿದು ತಿರುಗಿಸಿದರು. ಒಮ್ಮೆ ಜಾರಿ ಬೆರಳ ಗಂಟಿಗೆ ತರಚಿತು. ಬಿಡಿ, ನಾನು ಮಾಡ್ತೀನಿ ಎಂದರೆ ಕೇಳಲಿಲ್ಲ. ಕೊನೆಗೆ ನಟ್ಟು ಕಿರ್ರೆಂದು ಸಡಿಲವಾಯಿತು.

ಮುಂದಿನದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಂಪು ವೈರು ಬಿಚ್ಚಿದೆವು, ಪಟ್ಟಿ ಸಡಿಲಿಸಿದೆವು, ಪಕ್ಕದ ಸಣ್ಣ ಗಾಳಿಕೊಳವೆ ಎಳೆದೆವು. ಹಳೆಯದನ್ನು ಎತ್ತಿ ಹೊರಗಿಟ್ಟು ಹೊಸದನ್ನು ಕೂರಿಸಿ ಪಟ್ಟಿ ಬಿಗಿದು, ಕೊಳವೆ ಸಿಕ್ಕಿಸಿದೆವು. ಈ ಸಲ ಕೆಂಪು ಮೊದಲು, ಕರಿ ಕೊನೆಗೆ. ಸವೆದ ನಟ್ಟಿನ ಬದಲು ಪಂಪಿನದೊಂದು ಹೊಂದಿತು. ಮರದ ಹತ್ತಿರ ಹೋಗಿ ವಿಪಿನ್‌ನನ್ನು ಮತ್ತೊಮ್ಮೆ ಕೇಳಿ ಬಂದ ಇವರು ನನ್ನ ಮುಖ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಬಿಗಿ ಮಾಡು. ಕನ್ನಡದಲ್ಲಿ ಹೇಳ್ತಿದ್ದೀನಿ. ಹದವಾಗಿ ಬಿಗಿ ಮಾಡು."

ನಾನು ಸೀಟಿನಲ್ಲಿ ಕೂತು ಬ್ರೇಕು ತುಳಿದು ಗುಂಡಿ ಒತ್ತಿದೆ. ಎದುರಿನ ದೀಪಗಳೆಲ್ಲ ಒಮ್ಮೆಲೇ ಬಂದವು. ಹೊರಡಬಹುದು ಎನ್ನುವ ಹಸಿರು ದೀಪವೂ ಬಂತು. ಅದೇ ಹೊತ್ತಿಗೆ ಭಾಸ್ಕರನ್ ಬೈಕು ನಿಲ್ಲಿಸಿ ಕಾರಿನ ಹಿಂದೆ ಬಂದು ನಿಂತ.

"ಸ್ಟಾರ್ಟ್ ಆಯಿಲ್ಲಲ್ಲೋ," ಎಂದು ಬೇಸರದಿಂದ ತಲೆಯಾಡಿಸಿದ. ಸದ್ದು ಕೇಳಿಸದ್ದರಿಂದ ಸ್ಟಾರ್ಟ್ ಆಗಲಿಲ್ಲ ಎಂಬುದು ಅವನ ತೀರ್ಮಾನ. ನಾನು ರಿವರ್ಸಿಗೆ ಹಾಕಿದೆ. ಸದ್ದಿಲ್ಲದೆ ತನ್ನತ್ತಲೇ ಬಂದ ಕಾರನ್ನು ಕಂಡು ಆ ಮನುಷ್ಯ ಮೆಣಸಿನ ಬಳ್ಳಿಗಳ ಒಳಕ್ಕೆ ಹಾರಿದ. ಇವರು ಅವನ ಕೈಹಿಡಿದು ಎಬ್ಬಿಸಿದರು. ಕಾರು ಕೊಡುವುದಿಲ್ಲವೆಂದು ಮಲಯಾಳದಲ್ಲೇ ಹೇಳಿದರು. ಚಾಯ ಕುಡಿಸಿ, ದಾರಿಯವರೆಗೆ ಹೋಗಿ ಕಳಿಸಿ ಬಂದರು.

ನಾನು ಬೇಗ ಬೇಗ ಸಾರು ಬಿಸಿಮಾಡಿ ತಟ್ಟೆ ಇಟ್ಟೆ. ತೋಟದ ಮೇಲೆ ಇನ್ನೂ ಬಿಸಿಲಿತ್ತು. ಇವರು ತರಚಿದ ಬೆರಳನ್ನು ಮಡಚಿಕೊಂಡೇ ಅನ್ನ ಕಲಸುತ್ತಾ, ನನ್ನ ಮುಖ ನೋಡದೆ ಹೇಳಿದರು:

"ಗುರುವಾರ ಬೆಳಿಗ್ಗೆ ಬೇಗ ಹೊರಡು. ನಂಗೆ ತಿಂಡಿ ಅದು ಇದು ಅಂತ ನಿಲ್ಬೇಡ. ಅಲ್ಲಿಂದ ಹೊತ್ತಿರುವಾಗಲೇ ಬಿಟ್ರೂ ನಿಮ್ಮಿಬ್ರಿಗೆ ಮಾತಾಡೋಕೆ ಸಮಯ ಸಿಗ್ಬೇಕಲ್ಲ."

ಹೂಂ ಎಂದೆ. ಇವರು ತಟ್ಟೆ ಮುಂದೆ ತಳ್ಳಿದರು. ಅನ್ನ ಹಾಕಿದೆ. ಅದು ಮುಗಿಯುತ್ತಲೇ ಮತ್ತೆ ತಳ್ಳಿದರು. ಇದು ಎಷ್ಟು ಗುರುವಾರಗಳ ಹಸಿವು ಎಂದು ನಾನು ಕೇಳಲಿಲ್ಲ. ಬಡಿಸುತ್ತಾ ಹೋದೆ.