ಕೋಟಿನ ತೋಳಿನ ಹಿಂಬದಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅಕ್ಕನದು, ಮಷಿನ್ನು ನನ್ನದು. ಇಪ್ಪತ್ತೆರಡು ವರ್ಷದಿಂದ ಹೀಗೇ. ಅವಳು ಕಂದು ಕಾಗದದ ಪ್ಯಾಟರ್ನ್ ಇಟ್ಟು ಬಟ್ಟೆ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಮೊಳೆಗೆ ನೇತುಹಾಕಿದ ಆ ಪ್ಯಾಟರ್ನ್‌ಗಳನ್ನು ನಾನು ಮುಟ್ಟಿದವಳೇ ಅಲ್ಲ. ಓದು, ಬುದ್ಧಿ ಎಲ್ಲ ಅವಳ ಪಾಲಿಗೆ ಬಂದದ್ದು. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವಳು. ಮನೆಯಲ್ಲಿ ಏನೇ ಮಾತು ಬರಲಿ, "ನಿನಗೆ ಗೊತ್ತಾಗಲ್ಲ ಬಿಡು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಅದಕ್ಕೇ ಆ ಜಪಾನಿನ ಕಾರ್ಟೂನು ನನಗೆ ಅಷ್ಟು ಹಿಡಿಸಿದ್ದು. ಕಾರ್ಟೂನು ಅಂದರೆ ಅಕ್ಕ ಸಿಡುಕುತ್ತಿದ್ದಳು, ಆನಿಮೆ ಅನ್ನಬೇಕಂತೆ. ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಫೋನನ್ನು ನೂಲಿನ ಉಂಡೆಗೆ ಒರಗಿಸಿ, ಊಟ ಮಾಡುತ್ತ ದಿನಕ್ಕೊಂದು ಕಂತು ನೋಡುತ್ತಿದ್ದೆವು. ಒಟ್ಟು ಇಪ್ಪತ್ತಾರು.

ಕಥೆ ಏನು ಅಂತ ಕೇಳಿದರೆ ದೇವರೇ ಗತಿ. ಛತ್ರಿ ರಿಪೇರಿ ಮಾಡುವ ಒಬ್ಬ ಹುಡುಗಿ. ಇವತ್ತು ಅವಳಿಗೆ ಒಂಬತ್ತು ವರ್ಷ, ನಾಳೆ ನಲವತ್ತು. ಮಾಳಿಗೆ ಮೇಲೊಂದು ತಿಮಿಂಗಿಲ ಮಲಗಿರುತ್ತದೆ. ಅದು ಮಂಗಳವಾರ ಮಾತ್ರ ಮಾತಾಡುತ್ತದೆ, ಅದೂ ಹವಾಮಾನದ ಬಗ್ಗೆ. ಮೂರನೇ ಕಂತಿನಲ್ಲಿ ಸತ್ತ ಅವಳ ಅಣ್ಣ ನಾಲ್ಕನೆಯದರಲ್ಲಿ ಆರಾಮಾಗಿ ಹಲ್ಲುಜ್ಜುತ್ತ ನಿಂತಿದ್ದ.

"ಅಯ್ಯೋ, ಇವನು ಸತ್ತಿದ್ನಲ್ಲೇ!" ಎಂದೆ.

"ಸುಮ್ನೆ ನೋಡೇ. ಯಾಕೆ, ಏನು ಅಂತ ತಲೆ ಕೆಡಿಸ್ಕೋಬೇಡ," ಅಂದಳು ಅಕ್ಕ. "ನನಗೇನು ಅರ್ಥ ಆಗಿದೆ ಅಂದ್ಕೊಂಡ್ಯಾ?"

ಅಕ್ಕನಿಗೂ ಅರ್ಥವಾಗುವುದಿಲ್ಲ! ಹುಟ್ಟಿದಾಗಿನಿಂದ ಮೊದಲ ಸಲ ನಾವಿಬ್ಬರೂ ಒಂದೇ ಬೆಂಚಿನ ದಡ್ಡಿಯರು. ಆಮೇಲೆ ನಾನು ಯಾಕೆ ಅಂತ ಕೇಳುವುದನ್ನೇ ಬಿಟ್ಟೆ. ಛತ್ರಿ ಬಿಚ್ಚಿದರೆ ಒಳಗಿಂದ ಹಕ್ಕಿ ಹಾರಿದವೋ, ಹಾರಲಿ. ಕಣ್ತುಂಬ ನೋಡುವುದು, ಬಾಯಿಗೆ ಬಂದದ್ದು ಅನ್ನುವುದು. "ಪಾಪ, ತಿಮಿಂಗಿಲಕ್ಕೆ ಬಾಯಾರಿಕೆ ಆಗಿದೆ ಕಣೇ, ಯಾರೂ ನೀರೇ ಕೊಡಲ್ಲ." "ಈ ಹುಡುಗಿ ನೋಡು, ಥೇಟ್ ನಮ್ಮಮ್ಮನ ಥರ ಬೆನ್ನು ಬಗ್ಗಿಸಿ ಕೂರ್ತಾಳೆ." ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಐವತ್ತೊಂದು ವರ್ಷದ ನನಗೆ ದಿನದಲ್ಲಿ ಅದೊಂದು ಗಂಟೆಯೇ ಹಬ್ಬ.

ಕೊನೆಯ ಕಂತಿನ ದಿನ ಬೆಳಿಗ್ಗೆ ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಬ್ಯಾಂಕಿನ ಕಾವಲುಗಾರ ಬಂದ. ಅವನ ಯೂನಿಫಾರ್ಮ್ ಕೋಟಿನ ಎರಡೂ ಮೊಣಕೈ ಹರಿದಿತ್ತು.

"ಅಕ್ಕ ಬರ್ಲಿ," ಎಂದೆ.

"ಸಾಹೇಬ್ರು ಒಳಗೇ ಬಿಡಲ್ಲ ಅಂದಿದ್ದಾರೆ ಅಮ್ಮಾ. ಸಂಜೆಯೊಳಗೆ ತೋಳು ಹಾಕಿಕೊಡಿ," ಎಂದು ಕೋಟು ಬಿಟ್ಟು ನಡೆದೇಬಿಟ್ಟ.

ಆಗಿದ್ದಾಗಲಿ ಅಂತ ತೋಳಿನ ಪ್ಯಾಟರ್ನ್ ಇಳಿಸಿದೆ. ಇದ್ದದ್ದು ಎರಡು ತುಂಡು ಬಟ್ಟೆ, ಒಂದೊಂದೇ ತೋಳು ಕತ್ತರಿಸಬೇಕು. ಬಲದ್ದು ಆಯಿತು. ಎಡದ್ದಕ್ಕೆ ಪ್ಯಾಟರ್ನನ್ನು ಮಗುಚಿ ಹಾಕಬೇಕು. ಮಗುಚಿದೆ.

ಹಿಂಬದಿಯ ತುಂಬ ಅಕ್ಕನ ಅಕ್ಷರ. ಛತ್ರಿ ಹುಡುಗಿಯ ವಯಸ್ಸುಗಳು, ಇಸವಿಗಳು, ಬಾಣಗಳು. 'ಅಣ್ಣಂದಿರು ಇಬ್ಬರು, ಅವಳಿಗಳು.' ಇಪ್ಪತ್ತಾರು ಕಂತುಗಳ ಪಟ್ಟಿ, ನಾವಿನ್ನೂ ನೋಡದಿದ್ದ ಕೊನೆಯದರ ಎದುರಿಗೂ ಸರಿ ಗುರುತು. ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ 'ತಂಗಿ ಉವಾಚ' ಎಂಬ ತಲೆಬರಹ. ಅದರಡಿ ನಾನು ಆಡಿದ ಮಾತುಗಳೆಲ್ಲ ಒಂದೂ ಬಿಡದೆ ಇದ್ದವು. ತಿಮಿಂಗಿಲದ ಬಾಯಾರಿಕೆಯ ಪಕ್ಕ 'ಆನಿಮೆ ನೋಡುವವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು' ಎಂದಿತ್ತು. ಅಮ್ಮನ ಬೆನ್ನನ್ನೂ ಬಿಟ್ಟಿರಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಮಷಿನ್ನಿನವಳು ಪ್ಯಾಟರ್ನ್ ಯಾಕೆ ಮುಟ್ಟುತ್ತಾಳೆ ಅನ್ನೋ ಧೈರ್ಯ ಅವಳಿಗೆ!

ಅಕ್ಕ ಊದಿದ ಕೆನ್ನೆ ಹಿಡಿದುಕೊಂಡು ಬಂದಳು. ಕಾಗದವನ್ನು ಅವಳ ಮುಖದೆದುರು ಹಿಡಿದೆ.

"ಅಯ್ಯೋ, ಅದಾ... ತಮಾಷೆಗೆ ಕಣೇ. ಗ್ರೂಪಲ್ಲಿ ಎಲ್ರಿಗೂ ನೀನಂದ್ರೆ ಪ್ರಾಣ. ಇವತ್ತು ತಂಗಿ ಏನಂದ್ಲು ಅಂತ ದಿನಾ ಕೇಳ್ತಾರೆ."

"ನೀನು ಮೊದಲೇ ನೋಡಿದ್ಯಾ?"

"ಎರಡು ಸಲ."

"ಅರ್ಥ ಆಗಿತ್ತಾ?"

ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ನಿನಗೆ ಹೇಳಿಬಿಟ್ಟಿದ್ರೆ ಆ ಮಜಾ ಇರ್ತಿರ್ಲಿಲ್ಲ."

"ಯಾರಿಗೆ ಮಜಾ?" ಎಂದು ಕೇಳಿದೆ.

ಮಧ್ಯಾಹ್ನ ಅವಳು ಏನೂ ಆಗದವಳಂತೆ ಶಟರ್ ಇಳಿಸಿ ಫೋನು ಒರಗಿಸಿದಳು. ಎದ್ದು ಹೋಗಬೇಕಿತ್ತು. ಆದರೆ ಆ ಹುಡುಗಿಯನ್ನು ನಡುದಾರಿಯಲ್ಲಿ ಬಿಡಲು ಮನಸ್ಸು ಬರಲಿಲ್ಲ, ಕೂತೆ. ಹುಡುಗಿ ಈಗ ಮುದುಕಿ. ಕೊನೆಯ ಛತ್ರಿಯನ್ನು ತಲೆಕೆಳಗಾಗಿ ಬಿಚ್ಚಿ, ಅದರ ತುಂಬ ನೀರು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದಳು. ತಿಮಿಂಗಿಲದ ಬಾಯಿಯ ಹತ್ತಿರ ಇಟ್ಟಳು. ಅದು ಗಟಗಟನೆ ಕುಡಿಯಿತು.

ಅದಕ್ಕೆ ಬಾಯಾರಿಕೆಯೇ ಆಗಿತ್ತು! ನಾನು ಹೇಳಿದ್ದೇ ಸರಿ. ಅದು ಗೊತ್ತಿದ್ದೂ ಅಕ್ಕ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ನೋಡಿದ್ಯಾ!" ಎಂದು ಕೂಗಿ, ಅವಳ ಭುಜಕ್ಕೆ ಹೊಡೆದು, ಅಳಬೇಕು ಅನ್ನಿಸಿತು. ತಿರುಗಿ ನೋಡಿದರೆ ಅಕ್ಕನ ಕಣ್ಣು ಫೋನಿನ ಮೇಲಿರಲಿಲ್ಲ. ನನ್ನ ಮುಖದ ಮೇಲಿತ್ತು. ಕಾಯುತ್ತಿದ್ದಳು.

ತುಟಿ ಕಚ್ಚಿಕೊಂಡೆ. ಕಣ್ಣೀರನ್ನೂ ಒಳಗೇ ನುಂಗಿದೆ.

"ಏನನ್ನಿಸ್ತೇ?" ಎಂದಳು.

"ನನಗೆ ಗೊತ್ತಾಗಲ್ಲ ಬಿಡು," ಎಂದು ಎದ್ದೆ. ಕಾವಲುಗಾರನ ಎಡತೋಳು ಇನ್ನೂ ಕತ್ತರಿಸಿ ಹೊಲಿಯುವುದಿತ್ತು.